ಎಲೆ ಹಾಕಿದೆ

"ಗುರುಗಳೇ, ಒಬ್ಬ ವಿದ್ಯಾರ್ಥಿಯ ವಿವರ ಹೇಗಿರಬೇಕು ಅಂತ ಒಂದು ನಮೂನೆ, 'ವಿದ್ಯಾರ್ಥಿ' ಅನ್ನುವ ಕ್ಲಾಸ್, ಬರೆದೆ. ಇಡೀ ತರಗತಿ ಹಿಡಿಸುವಷ್ಟು ಖಾನೆಗಳ ಸಾಲು, ಅಂದರೆ ಅರೇ, ಮಾಡಿದೆ. ಆದರೂ ಮೊದಲನೆಯವರ ಹೆಸರು ಕೇಳಿದರೆ, ಅಲ್ಲಿ ಯಾರೂ ಇಲ್ಲ ಅನ್ನುತ್ತದೆ ಕಂಪ್ಯೂಟರು. ಜಾಗ ಇದೆ, ಜನ ಯಾಕಿಲ್ಲ?" ಎಂದು ಪ್ರಭಂಜನ ಕೇಳಿದ.

ಆ ಬೆಳಿಗ್ಗೆ ಎಲ್ಲರೆದುರು ಅವನ ಪ್ರೋಗ್ರಾಂ ಮಗುಚಿಬಿದ್ದಿತ್ತು. ಸಾಲುಗಳನ್ನು ಬಾಯಲ್ಲಿ ಹೇಳಿದವನು ಅವನು. ಟೈಪ್ ಮಾಡಿದವಳು ಜೊತೆಗಾತಿ ಪುಟ್ಟತಾಯಿ. ತರಗತಿ ನಕ್ಕಾಗ ಅವನು, "ಇವಳೇ ಎಲ್ಲೋ ಒಂದು ಸಾಲು ನುಂಗಿದ್ದಾಳೆ," ಎಂದುಬಿಟ್ಟ. ನಗು ಅವಳ ಕಡೆಗೆ ತಿರುಗಿತು. ಅವಳು ಎದ್ದು ಹೊರಗೆ ಜಗಲಿಗೆ ಹೋದಳು.

ಗುರುಗಳು ಸೆರಗು ಸರಿಪಡಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ವರ್ತಕನ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ವರ್ತಕನಿಗೆ ಅಚ್ಚುಕಟ್ಟಿನ ಹುಚ್ಚು. ತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ನಡುವೆ ಅನ್ನ: ಒಂದು ಎಲೆ ಹೀಗಿರಬೇಕು ಎಂದು ಬಡಿಸುವವರಿಗೆ ಬಾಯಿಪಾಠ ಮಾಡಿಸಿದ. ಅದು ನಿನ್ನ ಕ್ಲಾಸು. ಪಡಸಾಲೆಯಲ್ಲಿ ದಾರ ಹಿಡಿದು ಬಾಳೆಲೆಗಳ ಸಾಲು ಹಾಕಿಸಿದ. ಅದು ನಿನ್ನ ಅರೇ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಯಜಮಾನ ಅಡುಗೆಯವನನ್ನು ಕರೆದು ವೀಳ್ಯ ಕೊಡಬೇಕು. ವೀಳ್ಯ ಕೈಗೆ ಬಂದಮೇಲೇ ಒಲೆಗೆ ಬೆಂಕಿ. ಅಡುಗೆಯವನು ತರಕಾರಿ ಹೆಚ್ಚಿಟ್ಟು ಹಿತ್ತಲಲ್ಲಿ ಕಾದು ಕೂತಿದ್ದ. ವೀಳ್ಯ ಇನ್ನೂ ಬಂದಿಲ್ಲವೆಂದು ನಡುವೆ ಒಮ್ಮೆ ಹೇಳಿಯೂ ಕಳಿಸಿದ. "ದಾರ ಹಿಡಿದಿದ್ದೇನೆ, ಕಣ್ಣು ಕಾಣುವುದಿಲ್ಲವೇ?" ಎಂದು ವರ್ತಕ ಗದರಿದ.

ಸಾಲು ಮುಗಿಯಿತು. ಅದು ಎಷ್ಟು ಚೆಂದವಾಗಿತ್ತೆಂದರೆ ಊಟವೇ ಬಡಿಸಿದಂತಾಯಿತು ಅವನಿಗೆ. ಬೀಗರ ಮುಂದೆ ಕೈ ಮುಗಿದು, "ಎಲೆ ಹಾಕಿದೆ, ಏಳಬೇಕು," ಎಂದ. ನಾನು ಹತ್ತಾರು ಊರು ಸುತ್ತಿದವಳು. ಎಲೆ ಹಾಕಿದೆ ಅಂದಮೇಲೆ ಒಲೆ ಹೊತ್ತಿಸಿದ್ದೀರಾ ಎಂದು ಕೇಳಿದವರನ್ನು ಎಲ್ಲಿಯೂ ಕಂಡಿಲ್ಲ. ಬೀಗರು ಎದ್ದರು, ಕೂತರು, ನೀರು ಚಿಮುಕಿಸಿ ಎಲೆ ಒರೆಸಿದರು. ಕಾದರು. ಇನ್ನೊಮ್ಮೆ ಒರೆಸಿದರು.

ವರನ ತಂದೆ ಗಂಟಲು ಸರಿಮಾಡಿಕೊಂಡ. "ಎಲೆ ಬಹಳ ಸೊಗಸಾಗಿದೆ, ಸಾಹುಕಾರರೇ. ನಮ್ಮ ಕಡೆ ಇದನ್ನು ದನ ತಿನ್ನುತ್ತದೆ."

ವರ್ತಕ ಹಿತ್ತಲಿಗೆ ಓಡಿದ. ಒಲೆಯಲ್ಲಿ ಬೆಕ್ಕು ಮಲಗಿತ್ತು. ಅಡುಗೆಯವನು ಎದ್ದು ನಿಂತು, ಕೊನೆಗೂ ಕರೆ ಬಂತೆಂದು ಎರಡೂ ಕೈ ಮುಂದೆ ಒಡ್ಡಿದ. ಆ ಬರಿಗೈ ನೋಡಿದ ಕೂಡಲೇ ವರ್ತಕನಿಗೆ ಎಲ್ಲವೂ ಅರ್ಥವಾಯಿತು. ಆದರೆ ಬೀಗರು ಬಾಗಿಲಿಗೆ ಬಂದು ಇಣುಕುತ್ತಿದ್ದರು.

"ನೋಡಿ, ಈ ಸೋಮಾರಿ ನಿದ್ದೆ ಹೊಡೆದಿದ್ದಾನೆ!" ಎಂದು ಅವನು ಕೂಗಿದ.

ಅಡುಗೆಯವನು ಒಡ್ಡಿದ ಕೈ ಹಿಂದಕ್ಕೆ ತೆಗೆದುಕೊಂಡ. ಸೌಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ. ಬೀಗರು ವರ್ತಕನ ಮೇಲೆ ಕನಿಕರಪಟ್ಟರು. ಸಂಬಂಧ ಉಳಿಯಿತು, ಮದುವೆಯೂ ನಡೆಯಿತು. ಅಡುಗೆಯವನಿಗೆ ಮಾತ್ರ ಆ ಊರಿನಲ್ಲಿ ಮತ್ತೆ ಯಾರೂ ವೀಳ್ಯ ಕೊಡಲಿಲ್ಲ. ವರ್ತಕ ಬದುಕಿದಷ್ಟು ಕಾಲ, ಯಾರ ಮನೆಯಲ್ಲಿ 'ಎಲೆ ಹಾಕಿದೆ' ಎಂದರೂ ಅವನಿಗೆ ಆ ಎರಡು ಕೈ ಕಾಣುತ್ತಿತ್ತು, ತುತ್ತು ಇಳಿಯುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು.

"ಅಂದರೆ ಅರೇ ಬರೀ ಎಲೆ," ಎಂದ ಪ್ರಭಂಜನ. "ಒಂದೊಂದು ಜಾಗಕ್ಕೂ 'ನ್ಯೂ' ಎಂದು ಬರೆದು ಒಬ್ಬೊಬ್ಬ ವಿದ್ಯಾರ್ಥಿಯನ್ನು ಹುಟ್ಟಿಸಬೇಕಿತ್ತು. ಅದೇ ವೀಳ್ಯ. ಆ ಸಾಲನ್ನು..." ಅವನ ಕಿವಿ ಕೆಂಪಾಯಿತು. "ಆ ಸಾಲನ್ನು ನಾನು ಹೇಳಿಯೇ ಇರಲಿಲ್ಲ."

ಗುರುಗಳು ಅವನನ್ನೇ ನೋಡುತ್ತಿದ್ದರು. ಅವನು ತಲೆ ತಗ್ಗಿಸಿ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಈಗಲೇ ಬರೆದುಬಿಡುತ್ತೇನೆ. ಒಂದೇ ಸಾಲು ತಾನೇ, ಎಲ್ಲ ಸರಿಹೋಗುತ್ತದೆ."

"ಪುಟ್ಟತಾಯಿ ಇನ್ನೂ ಜಗಲಿಯಲ್ಲೇ ನಿಂತಿದ್ದಾಳೆ," ಎಂದರು ಗುರುಗಳು.