ಗೊತ್ತಿಲ್ಲ ಎಂದ ಮಾಳವ್ವ

"ಕೇಳ್ರಪ್ಪೋ ಕೇಳಿ! ನಮ್ಮ ರಾಣಿ ಹೊನ್ನಾಂಬಿಕೆಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ದೀಪಾವಳಿಯ ದಿನ ತಲೆದಂಡ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಮಹಾರಾಜರು ಬೇರೆ ಮದುವೆಯಾಗುತ್ತಾರೆ, ಬಂಜೆ ರಾಣಿ ಹೊಳೆಯಾಚೆಯ ಹಾಳುಕೋಟೆಗೆ ಹೋಗುತ್ತಾರೆ. ಕೇಳ್ರಪ್ಪೋ!"

ಡಂಗುರ ಸಾರಿದಾಗ ಮಾಳವ್ವ ಊರ ಹೊರಗಿನ ಬೇವಿನ ಮರದಡಿ ಕೂತಿದ್ದಳು, ಪಕ್ಕದ ಬುಟ್ಟಿಯಲ್ಲಿ ಒಂದು ಹುಂಜ. ಅದನ್ನು ಬಿಟ್ಟರೆ ಅವಳಿಗೆ ಮಾತಾಡಲು ಬೇರೆ ಜೀವವೇ ಇರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಅವಳಿಗೊಂದೇ ಹುಚ್ಚು: ಬಸಿರಲ್ಲಿ ಜೀವ ಹೇಗೆ ಕಟ್ಟುತ್ತದೆ? ಕಟುಕರು ಬಿಸಾಡಿದ ಕುರಿಯ ಗರ್ಭಚೀಲಗಳನ್ನು ತಂದು ಸ್ಫಟಿಕದ ಬಿಲ್ಲೆ ಹಿಡಿದು ನೋಡುವಳು. ಹೆಣ್ಣು ನೋಡಲು ಬಂದ ಗಂಡುಗಳು ಅಂಗಳದಲ್ಲಿ ಅವನ್ನು ಕಂಡು, ನೀರೂ ಕುಡಿಯದೆ ತಿರುಗಿ ಹೋದರು. ಕೊನೆಗೆ ಊರವರು ಮಾಟಗಾತಿ ಎಂದು ಓಡಿಸಿದರು. ಆ ನೋವು ಸುಮ್ಮನೆ ಹೋಗುವಂಥದ್ದೇ? ಹಬ್ಬದ ದಿನ ಬೇರೆಯವರ ಮನೆಯ ಒಗ್ಗರಣೆ ವಾಸನೆ ಬಂದರೆ ಅವಳು ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂರುತ್ತಿದ್ದಳು.

"ಕೂತು ನೋಡಲು ಒಂದು ಸೂರು ಸಿಕ್ಕರೆ ಸಾಕು ಕಣೋ," ಎಂದು ಹುಂಜಕ್ಕೆ ಹೇಳಿ, ಬುಟ್ಟಿ ಹೊತ್ತು ಅರಮನೆಗೆ ನಡೆದಳು.

ಅಲ್ಲಿ ಅವಳಿಗಿಂತ ಮುಂದೆ ಜರತಾರಿ ಶಾಲು ಹೊದ್ದ ವೈದ್ಯನೊಬ್ಬ ನಿಂತಿದ್ದ. ರಾಣಿ ಮೊದಲ ಒಗಟು ಹೇಳಿದಳು: "ಕಾಲಿಲ್ಲ, ಬಾಯಿಲ್ಲ, ಆದರೂ ದೂತ. ಒಂದು ಮನೆಯಿಂದ ಹೊರಟು ಸಾವಿರ ಬಾಗಿಲು ದಾಟಿ ತನ್ನದೊಂದೇ ಬಾಗಿಲು ತಟ್ಟುತ್ತಾನೆ. ಯಾರವನು?"

"ಗಾಳಿ, ಮಹಾರಾಣಿ!" ಎಂದ ವೈದ್ಯ ಮೀಸೆ ತಿರುವಿ.

ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಕನಸು ಎಂದವನು, ಬಯಕೆ ಎಂದವನು ಆಗಲೇ ಅಲ್ಲಿದ್ದರು.

ಮಾಳವ್ವ ಬುಟ್ಟಿ ಇಳಿಸಿದಳು. "ತಾಯಿ, ಹುಂಜದ ಬೀಜ ತೆಗೆದರೆ ಜುಟ್ಟು ಬಿಳಿಚುತ್ತದೆ, ಕೂಗು ನಿಲ್ಲುತ್ತದೆ. ಇದರ ಬೀಜ ತೆಗೆದು ಹೊಟ್ಟೆಯ ಬೇರೆ ಮೂಲೆಯಲ್ಲಿಟ್ಟು ಹೊಲಿದೆ. ನರದ ನಂಟು ಹರಿದಿತ್ತು, ಉಳಿದ ದಾರಿ ನೆತ್ತರೊಂದೇ. ಜುಟ್ಟು ಮತ್ತೆ ಕೆಂಪಾಯಿತು. ನೆತ್ತರಲ್ಲಿ ಹರಿಯುವ ರಸವೇ ಆ ದೂತ."

ಹುಂಜ ತುಂಬಿದ ಸಭೆಯಲ್ಲಿ ಕೂಗಿಬಿಟ್ಟಿತು. ಯಾರೋ ನಕ್ಕರು. ರಾಣಿ ನಗಲಿಲ್ಲ, ಸ್ವಲ್ಪ ಮುಂದಕ್ಕೆ ಬಾಗಿ ಕೂತಳು.

"ಎರಡನೆಯದು ಕೇಳು. ನನ್ನ ತಾಯಿ ಇನ್ನೂ ಹುಟ್ಟಿರಲಿಲ್ಲ, ಆಗಲೇ ನಾನು ನನ್ನಜ್ಜಿಯ ಹೊಟ್ಟೆಯಲ್ಲಿದ್ದೆ. ಹೇಗೆ?"

"ಬಸಿರು ಕುರಿಯೊಳಗಿನ ಹೆಣ್ಣುಮರಿಯನ್ನು ನೋಡಿದ್ದೇನೆ, ತಾಯಿ. ಹುಟ್ಟದ ಆ ಮರಿಯೊಳಗೆ ಅದರ ಮುಂದಿನ ಮರಿಗಳ ಬೀಜವೆಲ್ಲ ಆಗಲೇ ಕೂತಿರುತ್ತದೆ. ನಿಮ್ಮಮ್ಮ ನಿಮ್ಮಜ್ಜಿಯ ಬಸಿರಲ್ಲಿದ್ದಾಗ ಅಮ್ಮನೊಳಗೆ ನೀವು ಬೀಜವಾಗಿದ್ದಿರಿ."

"ಸೂಲಗಿತ್ತಿಯಾಗಿದ್ದ ನನ್ನಜ್ಜಿ ಹೇಳಿಕೊಟ್ಟ ಒಗಟುಗಳು ಇವೆರಡು. ಉತ್ತರ ಸರಿ," ಎಂದಳು ರಾಣಿ. ಅವಳ ದನಿ ಸಣ್ಣದಾಯಿತು. "ಮೂರನೆಯದು ನನ್ನದೇ. ಹೊಲ ಹದವಾಗಿದೆ, ಬಿತ್ತಿದ್ದಾಗಿದೆ, ಮಳೆಯೂ ಬಂದಿದೆ. ಮೊಳಕೆ ಯಾಕಿಲ್ಲ?"

ಮಾಳವ್ವ ಯೋಚಿಸಿದಳು. ನಾಗದೋಷ ಎನ್ನಬಹುದಿತ್ತು, ಒಂದು ಬೇರು ಅರೆದು ಕೊಡಬಹುದಿತ್ತು. ಹತ್ತಾರು ಸುಳ್ಳು ಬಾಯಿಗೆ ಬಂದವು, ಯಾವುದನ್ನೂ ಅವಳ ಕಣ್ಣು ಕಂಡಿರಲಿಲ್ಲ. ನನಗಾಗಿ ಅಳುವವರೂ ಇಲ್ಲವಲ್ಲ ಎಂದುಕೊಂಡು ತಲೆ ತಗ್ಗಿಸಿದಳು.

"ಗೊತ್ತಿಲ್ಲ, ತಾಯಿ."

"ಎಳೆಯಿರಿ ಅವಳನ್ನು!" ಎಂದ ಮಂತ್ರಿ.

"ನಿಲ್ಲಿ!" ರಾಣಿ ಎದ್ದು ಸೆರಗು ಸರಿಸಿ ತೋಳು ತೋರಿಸಿದಳು. ಮಣಿಕಟ್ಟಿನಿಂದ ಭುಜದವರೆಗೆ ಸುಟ್ಟ ಬರೆಗಳು. "ಇಷ್ಟು ವರ್ಷ ನನಗೆ ಮಕ್ಕಳಾಗಲು ಮದ್ದು ಮಾಡಲು ಬಂದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೆಲ್ಲ ಬರೆ ಹಾಕಿ ಹೋದರು. ಗೊತ್ತಿಲ್ಲ ಅನ್ನುವ ಒಂದು ಬಾಯಿಗಾಗಿ ಕಾದಿದ್ದೆ. ಒಗಟು ನನ್ನದು, ಸರಿಯುತ್ತರ ಇದೇ. ಏನು ಬೇಕು, ಕೇಳು ಮಾಳವ್ವಾ."

"ಹುಡುಕಲು ಒಂದು ಮನೆ ಕೊಡಿ, ಕುರಿಕೋಳಿಗೆ ಒಂದು ದೊಡ್ಡಿ ಕೊಡಿ."

ರಾಣಿ ಎರಡನ್ನೂ ಕೊಟ್ಟಳು, ಸೆರೆಯಲ್ಲಿದ್ದವರನ್ನೂ ಬಿಡಿಸಿದಳು. ರಾಜ ಮಾತಿಗೆ ಕಟ್ಟುಬಿದ್ದು ಬೇರೆ ಮದುವೆ ಬಿಟ್ಟ, ತಮ್ಮನ ಮಗನಿಗೆ ಪಟ್ಟ ಕಟ್ಟಿದ. ಆದರೆ ಅರಮನೆಯಲ್ಲಿ ರಾಣಿಯನ್ನು ಮಾತಾಡಿಸುವವರು ಕಡಿಮೆಯಾದರು. ಸಂಜೆಯಾದರೆ ಅವಳು ಮಾಳವ್ವನ ಮನೆಯ ಜಗಲಿಗೆ ಬಂದು ಕೂರುವಳು.

"ಗೊತ್ತಾಯಿತೇನೇ?"

"ಇನ್ನೂ ಇಲ್ಲ, ತಾಯಿ."

ಇಬ್ಬರೂ ಆಮೇಲೆ ಸುಮ್ಮನೆ ಮಜ್ಜಿಗೆ ಕುಡಿಯುವರು. ಹೀಗೇ ವರ್ಷಗಳು ಕಳೆದವು. ಆ ಹುಂಜ ಸತ್ತಿತು, ಅದರ ನಂತರ ಬಂದ ಹುಂಜಗಳೂ ಸತ್ತವು. ಇಬ್ಬರ ತಲೆಯೂ ನರೆಯಿತು.

ಒಂದು ಸಂಜೆ ರಾಣಿ ಕೇಳುವ ಮೊದಲೇ ಮಾಳವ್ವ ಬಾಗಿಲಿಗೆ ಬಂದಳು. ಕಣ್ಣಲ್ಲಿ ನೀರಿತ್ತು.

"ಗೊತ್ತಾಯಿತು, ತಾಯಿ. ಬೀಜ ನಿಮ್ಮೊಳಗಿತ್ತು. ಅದನ್ನು ಎಬ್ಬಿಸುವ ದೂತ ತಲೆಯೊಳಗಿನ ಮನೆಯಿಂದ ಹೊರಡಲೇ ಇಲ್ಲ. ಆ ರಸವನ್ನು ಈಗ ಹೊರಗಿನಿಂದ ಕೊಡಬಲ್ಲೆ. ಆದರೆ ನಿಮಗೆ ಹೊತ್ತು ಮೀರಿತು. ತಡಮಾಡಿಬಿಟ್ಟೆ, ತಾಯಿ."

ರಾಣಿ ಬರೆಗಳ ಮೇಲೆ ಕೈಯಾಡಿಸಿಕೊಂಡು ಅತ್ತಳು. ದೊಡ್ಡಿಯ ಬೇಲಿಯಾಚೆ, ಬಸಿರಾಗಲಿಲ್ಲವೆಂದು ಗಂಡನ ಮನೆಯವರು ಹೊರಹಾಕಿದ ಹುಡುಗಿಯೊಬ್ಬಳು ಗಂಟು ಮಡಿಲಲ್ಲಿಟ್ಟು ಬೆಳಗಿನಿಂದ ಕೂತಿದ್ದಳು. ಅವಳ ತೋಳಿನ ಮೇಲೂ ಹಸಿ ಬರೆಯಿತ್ತು.

ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಜಗಲಿಯಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದಳು.

"ಅವಳನ್ನು ಒಳಗೆ ಕರಿಯೇ ಮಾಳವ್ವಾ," ಎಂದಳು. "ಮೊದಲು ಮಜ್ಜಿಗೆ ಕೊಡು."