ನೀರು ಹೊಯ್ದರೂ ಆರದ ಬೆಂಕಿ

ಮೂಗು ಒರೆಸಿಕೊಂಡು ಹತ್ತಿರ ಕೂತ್ಕೊಳ್ಳಿ ಮಕ್ಕಳೇ.

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನೇ, ಆದರೆ ಕಿವಿಗೆ ಬಿದ್ದದ್ದನ್ನೆಲ್ಲ ನಂಬುವವನು. ಆ ಕಿವಿಯ ಹತ್ತಿರ ಸದಾ ಕೊತ್ವಾಲ ಭದ್ರಪ್ಪನ ಬಾಯಿ ಇರುತ್ತಿತ್ತು.

"ಪ್ರಭು, ಬೆಂಕಿ ಅರಮನೆಯ ಸೊತ್ತು. ಅಪ್ಪಣೆಯಿಲ್ಲದೆ ಬಿಸಿ ಇಟ್ಟುಕೊಂಡವರು ಕಳ್ಳರು," ಅಂದ ಕೊತ್ವಾಲ.

ರಾಜ ಹೂಂ ಅಂದ. ಅಂದಿನಿಂದ ಕೊತ್ವಾಲನ ಹೊಲದಲ್ಲಿ ಬಿಟ್ಟಿ ದುಡಿದವರ ಮನೆಗೆ ಮಾತ್ರ ಕೆಂಡ ಸಿಗುತ್ತಿತ್ತು.

ಆ ರಾಜನ ಊರಲ್ಲೇ ಚೌಡಕ್ಕ ಅಂತ ಒಬ್ಬ ಬಾಣಂತಿ. ಅವಳ ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಬೆಚ್ಚಗಿದ್ದರೆ ಉಳಿಯುತ್ತಿತ್ತು, ತಣ್ಣಗಾದರೆ ಇಲ್ಲ. ಅವಳು ಬಿಟ್ಟಿಗೆ ಬರಲಿಲ್ಲವೆಂದು ಕೊತ್ವಾಲ ಬಂದು ಒಲೆಗೆ ನೀರು ಸುರಿದು ಹೋದ. ಹೆತ್ತವಳು ಮಲಗಿದ್ದರೆ ಕೆಲವರ ಕಣ್ಣಿಗೆ ಅದು ಸೋಮಾರಿತನ.

ಚೌಡಕ್ಕ ಅಳುತ್ತ ಕೂರಲಿಲ್ಲ. ನೆನೆಸಿ ಕಟ್ಟಿಟ್ಟ ಹೆಸರುಕಾಳಿನ ಗಂಟು ಮುಟ್ಟಿದಳು. ಮೊಳಕೆ ಬರುವ ಕಾಳು ಬೆಚ್ಚಗಿತ್ತು. ಮನೆಯ ಕಾಳನ್ನೆಲ್ಲ ನೆನೆಹಾಕಿದಳು. ಅದು ಮೊಳೆಯುವ ತನಕ ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಆಮೇಲೆ ಬುಟ್ಟಿ ತುಂಬ ಕಾಳು ಹಾಕಿ, ಗೋಣಿ ಮುಚ್ಚಿ, ತೊಟ್ಟಿಲ ಕೆಳಗಿಟ್ಟಳು. ಕೂಸಿನ ಕಾಲು ಬೆಚ್ಚಗಾಯಿತು.

ಕೂಸು ಇನ್ನೂ ಬದುಕಿದೆ ಅನ್ನುವ ಸುದ್ದಿ ಕೊತ್ವಾಲನಿಗೆ ಮುಟ್ಟಿತು. ಬಂದ. ಬುಟ್ಟಿಗೆ ಕೈ ಹಾಕಿದ. ಬಿಸಿ.

"ಬೆಂಕಿ ಬಚ್ಚಿಟ್ಟಿದ್ದೀಯೇನೇ?"

"ಇದ್ದರೆ ಆರಿಸಿ ಹೋಗಿ ಸ್ವಾಮಿ."

ಒಂದು ಕೊಡ ನೀರು ಸುರಿದ. ಮರುದಿನ ಬಂದು ನೋಡಿದರೆ ಬಿಸಿ ಹೆಚ್ಚಿತ್ತು. ಇನ್ನೊಂದು ಕೊಡ ಸುರಿದ. ಮೊಳಕೆ ಉದ್ದವಾಯಿತು, ಬಿಸಿ ಇನ್ನೂ ಹೆಚ್ಚಿತು. ಮೂರನೇ ಕೊಡ ಸುರಿದ. ಮೊಳಕೆ ಗೋಣಿಯನ್ನೇ ಎತ್ತಿ ನಿಂತಿತು.

"ಇದೆಂಥ ಹಾಳು ಬೆಂಕಿಯೇ, ನೀರು ಕುಡಿದು ಬೆಳೆಯುತ್ತೆ?"

"ನೀರು ಹೊರುವ ಕೆಲಸ ನಿಮಗೆ ಚೆನ್ನಾಗಿ ಒಗ್ಗಿದೆ ಬಿಡಿ ಸ್ವಾಮಿ."

ಕೊತ್ವಾಲ ಸಿಟ್ಟಿನಿಂದ ಅವಳನ್ನು ಕೂಸು, ಬುಟ್ಟಿ ಸಮೇತ ರಾಜನ ಮುಂದೆ ನಿಲ್ಲಿಸಿದ. "ಪ್ರಭು, ಇವಳು ಬೆಂಕಿಗಳ್ಳಿ."

ರಾಜ ಗೋಣಿ ಸರಿಸಿದ. ಕೆಂಡವಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ.

"ಈ ಬಿಸಿ ಎಲ್ಲಿಂದ ಬಂತು ತಾಯಿ?"

"ಸೂರ್ಯನಿಂದ, ಪ್ರಭು. ಗಿಡ ಬಿಸಿಲು ಕುಡಿದು ಕಾಳಿನೊಳಗೆ ಬುತ್ತಿ ಕಟ್ಟಿಡುತ್ತೆ. ಮೊಳೆಯುವಾಗ ಕಾಳು ಆ ಬುತ್ತಿ ಬಿಚ್ಚಿ ಉಣ್ಣುತ್ತೆ. ಉಂಡದ್ದರ ಬಲ ಒಂದಿಷ್ಟು ಬೇರು ಬಿಡೋಕೆ, ಮಿಕ್ಕಿದ್ದು ಬಿಸಿಯಾಗಿ ಹೊರಗೆ. ನಮ್ಮ ಮೈಯೊಳಗೆ ನಡೆಯೋದೂ ಇದೇ. ಬೇಕಾದರೆ ಕೊತ್ವಾಲರ ಕೈ ಮುಟ್ಟಿ ನೋಡಿ. ಬೆಚ್ಚಗಿದೆ. ಅವರು ಯಾರ ಅಪ್ಪಣೆ ತಗೊಂಡಿದ್ದಾರೆ?"

ರಾಜ ಕೊತ್ವಾಲನ ಕೈ ಮುಟ್ಟಿದ. ಹೌದು, ಬೆಚ್ಚಗಿತ್ತು. ಸಭೆಯೆಲ್ಲ ಮುಸಿಮುಸಿ ನಕ್ಕಿತು.

"ಅದು... ಬೆಳಿಗ್ಗೆ ಉಂಡ ಮುದ್ದೆ, ಪ್ರಭು," ಎಂದು ತೊದಲಿದ ಕೊತ್ವಾಲ.

"ಕಾಳಿನ ಬಿಸಿ ಕಳ್ಳತನವಾದರೆ ನಿನ್ನ ಬಿಸಿಯೂ ಕಳ್ಳತನ. ನಿನ್ನನ್ನು ಎಷ್ಟು ಕೊಡ ನೀರಿನಲ್ಲಿ ಆರಿಸೋಣ?" ಅಂದ ರಾಜ.

ಕೊತ್ವಾಲ ಕಾಲಿಗೆ ಬಿದ್ದ. ರಾಜ ಆ ಕೆಟ್ಟ ಕಟ್ಟಳೆ ತೆಗೆದುಹಾಕಿದ. ಮನೆಮನೆಗೆ ಸೌದೆ ಹೊತ್ತು ಕೆಂಡ ಮುಟ್ಟಿಸುವ ಕೆಲಸ ಕೊತ್ವಾಲನಿಗೇ ಬಿತ್ತು. ಮೊದಲ ಕೆಂಡ ಚೌಡಕ್ಕನ ಒಲೆಗೆ. ಕೂಸಿನ ಕೆನ್ನೆ ತುಂಬಿತು, ಅಳು ಊರಿಗೆಲ್ಲ ಕೇಳುವಷ್ಟು ಜೋರಾಯಿತು.

ತಿಳೀತಾ? ಬದುಕಿರುವ ಪ್ರತಿ ಜೀವದಲ್ಲೂ ಅದರದೇ ಬಿಸಿ ಇದೆ. ಅದಕ್ಕೆ ಅನ್ನ ಹಾಕುವವರು ದೊಡ್ಡವರು, ನಾನೇ ಅದರ ಒಡೆಯ ಅನ್ನುವವನು ದಡ್ಡ. ಇನ್ನು ತಟ್ಟೆಯಲ್ಲಿ ಬಿಟ್ಟಿರುವ ಕಾಳು ತಿಂದು ಏಳಿ.