ಮೋಸಹೋದ ಅಳಿಲು

ವರದಾ ನದಿಯ ದಂಡೆಯ ಆಶ್ರಮದಲ್ಲಿ ಬಸಲಿಂಗಮ್ಮ ತಾಯಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮೊಬೈಲು ಹಿಡಿದಾಗ ಎಚ್ಚರವಾಗಿರುವುದನ್ನು ಕಲಿಸುವ ಹೊಣೆ ಅವರ ಶಿಷ್ಯ ವಿರೂಪಾಕ್ಷನದು.

ಬಾಯಿಮಾತಿಗೆ ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೇ ಅವನು ಮಳೆಗಾಲವೆಲ್ಲ ಕೂತು ಒಂದು ಕಾರ್ಟೂನು ಮಾಡಿದ. ನರಿ ಸಿಹಿಮಾತಾಡಿ ಅಳಿಲಿನ ಪಾಸ್‌ವರ್ಡ್ ಕೇಳುತ್ತದೆ. ದಡ್ಡ ಅಳಿಲು ಹೇಳಿಬಿಡುತ್ತದೆ. ಕಾಡಿನ ಪ್ರಾಣಿಗಳೆಲ್ಲ ಅದನ್ನು ಸುತ್ತುವರಿದು ನಗುತ್ತವೆ.

ಮಕ್ಕಳೂ ಬಿದ್ದು ಬಿದ್ದು ನಕ್ಕರು. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

"ಪಾಸ್‌ವರ್ಡ್ ಯಾರಿಗೆ ಹೇಳಬೇಕು?"

"ಯಾರಿಗೂ ಹೇಳಬಾರದು!" ಸೂರು ಹಾರಿಹೋಗುವಂತೆ ಕೂಗಿದರು.

ವಾರ ಕಳೆಯುವುದರೊಳಗೆ ಕಸ್ತೂರಿ ಎಂಬ ಹುಡುಗಿ ಊಟ ಬಿಟ್ಟಳು. ಯಾರು ಕೇಳಿದರೂ ಹೊಟ್ಟೆನೋವು ಎಂದಳು.

ಬಸಲಿಂಗಮ್ಮ ತಾಯಿ ಅವಳನ್ನು ಬೆಳಿಗ್ಗೆ ನದಿಯ ಮೆಟ್ಟಿಲಿಗೆ ಕರೆದೊಯ್ದು, ಏನೂ ಕೇಳದೆ ಪಕ್ಕದಲ್ಲಿ ಕೂತರು. ಬಿಸಿಲೇರುವ ಹೊತ್ತಿಗೆ ಹುಡುಗಿ ತಾನಾಗಿ ಬಾಯಿಬಿಟ್ಟಳು.

ಮೊಬೈಲಿನ ಆಟದಲ್ಲಿ ಯಾರೋ ಗುರುತಿಲ್ಲದವನು ಸ್ನೇಹ ಬೆಳೆಸಿ ಪಾಸ್‌ವರ್ಡ್ ಕೇಳಿದ್ದ. ಕೊಟ್ಟಿದ್ದಳು. ಈಗ ಅವನು ದಿನವೂ ಹೆದರಿಸುತ್ತಿದ್ದ: ಹೇಳಿದಂತೆ ಕೇಳದಿದ್ದರೆ ನಿನ್ನ ಹೆಸರಿನಲ್ಲಿ ಎಲ್ಲರಿಗೂ ಕೆಟ್ಟ ಮಾತು ಬರೆಯುತ್ತೇನೆ.

ತಾಯಿ ವಿರೂಪಾಕ್ಷನನ್ನು ಕರೆಸಿದರು. ಕೇಳಿದ್ದೇ ತಡ, ಅವನು ಹಣೆ ಚಚ್ಚಿಕೊಂಡ.

"ಎಷ್ಟು ಸಲ ತೋರಿಸಿದೆನಲ್ಲೇ ಕಸ್ತೂರಿ! ನರಿಯನ್ನು ನಂಬಬಾರದು ಅಂತ ನೀನೂ ಕೂಗಿದ್ದೆಯಲ್ಲ!"

"ಅದು ನರಿಯಲ್ಲ ಅಣ್ಣಾ. ಅವನ ಹೆಸರಿನ ಪಕ್ಕ ಮೊಲದ ಚಿತ್ರ ಇತ್ತು."

"ಅಯ್ಯೋ ದೇವರೇ! ಕಣ್ಣು ಉರಿಯುವ ತನಕ ಒಂದೊಂದೇ ಚಿತ್ರ ಬಿಡಿಸಿದೆ. ಗೋಡೆಗೆ ತೋರಿಸಿದ್ದರೂ ಆಗುತ್ತಿತ್ತು! ಹೋಗಲಿ, ಅವತ್ತೇ ಬಂದು ನನಗೆ ಹೇಳುವುದಕ್ಕೆ ಏನಾಗಿತ್ತು ನಿನಗೆ?"

ಕಸ್ತೂರಿ ತಾಯಿಯ ಸೆರಗು ಹಿಡಿದು ಹಿಂದೆ ಸರಿದಳು.

"ಅಳಿಲನ್ನು ನೋಡಿ ಎಲ್ಲರೂ ನಕ್ಕರಲ್ಲ."

ಆ ನಗುವನ್ನು ವಿರೂಪಾಕ್ಷ ತುಂಬ ಇಷ್ಟಪಟ್ಟು ಬಿಡಿಸಿದ್ದ. ಒಂದೊಂದು ಪ್ರಾಣಿಗೆ ಒಂದೊಂದು ಬಗೆಯ ನಗು.

ತಾಯಿ ಹುಡುಗಿಯ ತಲೆ ನೇವರಿಸಿದರು. "ಹೇಳಿದ್ದು ಒಳ್ಳೆಯದಾಯಿತು ಮಗಳೇ. ಇನ್ನು ಇದು ನಮ್ಮ ಕೆಲಸ."

ಆಮೇಲೆ ಶಿಷ್ಯನ ಕಡೆ ತಿರುಗಿದರು. "ಅವನು ಬರೆದದ್ದನ್ನು ಅಳಿಸಬೇಡ. ಪೊಲೀಸರಿಗೆ ತೋರಿಸೋಣ, ನಡೆ."

ಸಂಜೆ ಇಬ್ಬರೂ ಠಾಣೆಯಿಂದ ಮರಳಿದರು. ಆಟದ ಖಾತೆ ಮುಚ್ಚಿಸಿದ್ದಾಗಿತ್ತು. ಅಡುಗೆಮನೆಯಲ್ಲಿ ಕಸ್ತೂರಿ ರೊಟ್ಟಿ ಮುರಿಯುತ್ತಿದ್ದಳು. ಬಾಗಿಲಲ್ಲಿ ವಿರೂಪಾಕ್ಷ ಕಂಡದ್ದೇ ಅವಳ ಕೈ ನಿಂತಿತು.

ಅವನ ತಲೆಯಲ್ಲಿ ಇನ್ನೂ ಕಾರ್ಟೂನೇ ಓಡುತ್ತಿತ್ತು. ಮಾಡಿದ್ದೆಲ್ಲ ಹಾಳಾಯಿತೆಂಬ ಸಿಟ್ಟು ಇಳಿದಿರಲಿಲ್ಲ.

"ಮೊದಲಿಂದ ಮಾಡಬೇಕು ತಾಯೀ," ಅವನು ಹುಬ್ಬು ಗಂಟಿಕ್ಕಿ ಹೇಳಿದ. "ನೀವೇ ಹೇಳಿಬಿಡಿ, ಈ ಸಲ ನರಿಗೆ ಎಂಥ ಮುಖ ಹಾಕಲಿ?"

ತಾಯಿಗೂ ಅಂದು ತಾಳ್ಮೆ ಮುಗಿದಿತ್ತು.

"ನರಿಯ ಮುಖ ಹಾಗಿರಲಿ ಬಿಡೋ. ಮಗು ಹೆದರಿರುವುದು ನಿನ್ನ ಮುಖಕ್ಕೆ."